ಚಾಳೀಸಿನ ಚರಿತ್ರೆ

ವಿಜಯಪುರದ ಕಡೆ ಕನ್ನಡಕವನ್ನು ಚಾಳೀಸು ಎಂದೂ ಕರೆಯುವುದುಂಟು. ಮರಾಠಿಯಲ್ಲಿ ನಲವತ್ತನ್ನು ಸೂಚಿಸುವ ಶಬ್ದದಿಂದ ಬಂದ ಹೆಸರಿದು. ಆ ವಯಸ್ಸಿನ ಸುಮಾರಿಗೆ ಕಣ್ಣಿನೊಳಗಣ ಮಸೂರವು ಬಿರುಸಾಗಿ, ಓದುವ ಪುಸ್ತಕವನ್ನು ದೂರ ಹಿಡಿಯಬೇಕಾಗುತ್ತದೆ. ನಲವತ್ತನ್ನು ದಾಟಿದ ನಾವು ಇದನ್ನು ಅನುಭವದಿಂದಲೇ ಬಲ್ಲೆವು.

ಕನ್ನಡಕವು ಇಟಲಿಯಲ್ಲಿ ಹದಿಮೂರನೆಯ ಶತಮಾನದ ಕೊನೆಗೆ ಹುಟ್ಟಿತು. ನಮ್ಮ ನಾಡಿನಲ್ಲಿ ವಿಜಯನಗರದ ವ್ಯಾಸರಾಯರು ಅದರ ನೆರವಿನಿಂದ ಗ್ರಂಥವನ್ನು ಓದುತ್ತಿದ್ದರೆಂದು ಸೋಮನಾಥ ಕವಿಯ ಸಂಸ್ಕೃತ 'ವ್ಯಾಸಯೋಗಿಚರಿತ'ದಿಂದ ತಿಳಿಯುತ್ತದೆ. 1520ರ ಸುಮಾರಿನ ಈ ಉಲ್ಲೇಖವನ್ನು ಪುಣೆಯ ವಿದ್ವಾಂಸ ಪಿ. ಕೆ. ಗೋಡೆಯವರು 1947ರಲ್ಲಿ ಎತ್ತಿ ತೋರಿಸಿದರು. ಆದರೆ ಅಂಥ ವಸ್ತು ಎಷ್ಟು ಜನರಿಗೆ ದೊರಕೀತು? ವಿಜಯಪುರದಲ್ಲಿ ಎರಡನೆಯ ಇಬ್ರಾಹಿಂ ಆದಿಲಶಾಹನ (1580–1627) ಕಾಲಕ್ಕೆ ಲಿಪಿಕಾರರಿಗೆ ಮಹಾ ಮನ್ನಣೆಯಿತ್ತು. ಕೈ ಪಳಗಿದ ವಯಸ್ಸಿನಲ್ಲಿಯೇ ಕಣ್ಣು ಸೋತಾಗ ಲೇಖನಿಯನ್ನು ಕೆಳಗಿಟ್ಟವರ ಸಂಖ್ಯೆಯನ್ನು ಯಾವ ಬಖೈರೂ ಬರೆದಿಡಲಿಲ್ಲ.

ಗಾಜು ಬಂದಷ್ಟು ಬೇಗ ಅಳತೆಯು ಬರಲಿಲ್ಲ. ಒಂದೊಂದನ್ನೇ ಮೂಗಿಗೇರಿಸಿ ಹಿತವಾದುದನ್ನು ಆರಿಸಿಕೊಳ್ಳುವುದು ಬಹುಕಾಲದ ರೂಢಿ. 1862ರಲ್ಲಿ ಹಾಲೆಂಡಿನ ಸ್ನೆಲೆನ್ ಅಕ್ಷರಫಲಕವನ್ನು ರಚಿಸಿದನು. 1872ರಲ್ಲಿ ಫ್ರಾನ್ಸಿನ ಮೊನೊಯೇ ಡಯಾಪ್ಟರ್ ಎಂಬ ಮಾನವನ್ನು ಸೂಚಿಸಿದನು. ದೂರದಿಂದ ಬಂದ ಬೆಳಕನ್ನು 1 ಮೀಟರಿನಲ್ಲಿ ಕೂಡಿಸುವ ಮಸೂರ 1 ಡಯಾಪ್ಟರ್. ಅರ್ಧ ಮೀಟರಿನಲ್ಲಿ ಕೂಡಿಸುವುದು 2. ಹೀಗೆ ವೈದ್ಯನು ಚೀಟಿಯಲ್ಲಿ ಬರೆದ ಅಂಕಿಯಂತೆ, ರೋಗಿಯನ್ನು ಕಾಣದ ಕುಶಲಿಯೂ ಗಾಜನ್ನು ಅರೆದು ಕೊಡುವುದು ಸಾಧ್ಯವಾಯಿತು.

ಈ ಅಂಕಿಗಳ ಬೆಲೆ ನಮಗೆ ತಡವಾಗಿ ತಿಳಿಯಿತು. ಒಮ್ಮೆ ಸಂತೆಯಲ್ಲಿ ಸಿದ್ಧ ಕನ್ನಡಕವನ್ನು ಕೊಂಡು ತಿಂಗಳುಗಟ್ಟಲೆ ತಲೆನೋವನ್ನು ಸಹಿಸಿದೆವು. ಪರೀಕ್ಷೆಯಾದಾಗ ನಮ್ಮ ಎರಡು ಕಣ್ಣುಗಳ ಅಳತೆ ಬೇರೆಬೇರೆ ಎಂದಾಯಿತು. ಸಿದ್ಧ ಕನ್ನಡಕದಲ್ಲಿಯಾದರೋ ಎರಡು ಗಾಜುಗಳಿಗೂ ಒಂದೇ ಶಕ್ತಿ. ತಲೆನೋವು ಅಲ್ಪ ದಂಡವೇ ಸರಿ. ಪೊರೆಯನ್ನೂ, ನೋವಿಲ್ಲದೆ ದೃಷ್ಟಿಯನ್ನು ಕದಿಯುವ ಗ್ಲಾಕೋಮವನ್ನೂ ಪರೀಕ್ಷಿಸುವ ಕಣ್ಣು ಕಾಣಬಲ್ಲದು, ಮಾರುವ ಕೈ ಕಾಣಲಾರದು.

ತಿಕೋಟಾದ ತೋಟದಲ್ಲಿ ದ್ರಾಕ್ಷಿಯ ಗೊಂಚಲನ್ನು ಬಿಡಿಸುವವರಿಗೂ, ಬಬಲೇಶ್ವರದಲ್ಲಿ ಸೂಜಿಗೆ ದಾರ ಪೋಣಿಸುವ ತಾಯಿಗೂ ಹತ್ತಿರದ ನೋಟವೇ ಅನ್ನ. ಗಾಜು ನಮ್ಮ ನಾಡಿಗೆ ಬಂದು ಐನೂರು ವರ್ಷಗಳಾದುವು. ಅವರ ಮೂಗಿನ ಮೇಲೆ ಅದನ್ನಿರಿಸುವ ಮೊದಲು ಅವರ ಕಣ್ಣನ್ನು ಅಳೆದು ನೋಡುವುದು ನಮ್ಮ ಪಾಲಿನ ಕರ್ತವ್ಯ.