ವಲಿಯಪರಂಬ ಹಿನ್ನೀರಿನ ದೋಣಿವಿಹಾರ: ಮಾಹಿತಿ ಮತ್ತು ಮುನ್ನೆಚ್ಚರಿಕೆ

ಕಾಸರಗೋಡು ಜಿಲ್ಲೆಯ ದಕ್ಷಿಣ ಭಾಗದಲ್ಲಿ, ಅರಬ್ಬೀ ಸಮುದ್ರಕ್ಕೆ ಸಮಾನಾಂತರವಾಗಿ ಚಾಚಿಕೊಂಡಿರುವ ಹಿನ್ನೀರಿನ ಪ್ರದೇಶವೇ ವಲಿಯಪರಂಬ. ಕಡಲನ್ನೂ ಹಿನ್ನೀರನ್ನೂ ಬೇರ್ಪಡಿಸುವ, ಸುಮಾರು 24 ಕಿಲೋಮೀಟರ್ ಉದ್ದದ ಮರಳುದ್ವೀಪದ ಹೆಸರೇ ನೀರಿಗೂ ಬಂದಿದೆ. ಈ ಜಲರಾಶಿ ತೆಂಕಣಕ್ಕೆ ಮುಂದುವರಿದು ಕಣ್ಣೂರು ಜಿಲ್ಲೆಯ ಪಯ್ಯನ್ನೂರಿನ ಬಳಿ ಕವ್ವಾಯಿ ಕಾಯಲು ಎನಿಸಿಕೊಳ್ಳುತ್ತದೆ. 1956ರ ನವೆಂಬರ್ 1ರಂದು ಕೇರಳಕ್ಕೆ ಸೇರುವವರೆಗೆ ವಲಿಯಪರಂಬದ ಪರಿಸರ ದಕ್ಷಿಣ ಕನ್ನಡ ಜಿಲ್ಲೆಯ ಕಾಸರಗೋಡು ತಾಲೂಕಿನ ಭಾಗವಾಗಿತ್ತು. ದೋಣಿವಿಹಾರವೆಂದರೆ ಆಲಪ್ಪುಳವೆಂದೇ ಭಾವಿಸುವ ನಮಗೆ ನಮ್ಮ ಜಿಲ್ಲೆಯ ಈ ನೀರಿನ ಪರಿಚಯ ಅಗತ್ಯ.

ತಲುಪುವ ಬಗೆ

ಮಂಗಳೂರು–ಕಣ್ಣೂರು ರೈಲುಮಾರ್ಗದ ನೀಲೇಶ್ವರ ಹಾಗೂ ಚೆರುವತ್ತೂರು ನಿಲ್ದಾಣಗಳು ಸಮೀಪದವು. ದೋಣಿಮನೆಗಳು ಮುಖ್ಯವಾಗಿ ನೀಲೇಶ್ವರದ ಬಳಿಯ ಕೋಟಪ್ಪುರದಿಂದ ಹೊರಡುತ್ತವೆ. ರಾಷ್ಟ್ರೀಯ ಜಲಮಾರ್ಗ 3ರ ವಿವರಗಳಲ್ಲಿ ಬರುವ ಕೋಟಪ್ಪುರ ತ್ರಿಶೂರು ಜಿಲ್ಲೆಯದು. ಎರಡನ್ನೂ ಒಂದೆಂದು ತಿಳಿಯಬಾರದು. ಕೊಡಗಿನ ಬೆಟ್ಟಗಳಿಂದ ಇಳಿದುಬರುವ ತೇಜಸ್ವಿನಿ ಹೊಳೆ ಇಲ್ಲಿಯೇ ಸಮುದ್ರವನ್ನು ಸಮೀಪಿಸುತ್ತದೆ.

ದೋಣಿಯ ರಚನೆ

ದೋಣಿಮನೆಯ ಮೂಲರೂಪ ಕೆಟ್ಟುವಳ್ಳಂ. ಮಲಯಾಳದ ‘ಕೆಟ್ಟು’ ನಮ್ಮ ‘ಕಟ್ಟು’ವೇ, ‘ವಳ್ಳಂ’ ಎಂದರೆ ದೋಣಿ. ಹೆಬ್ಬಲಸಿನ ಹಲಗೆಗಳನ್ನು ಮೊಳೆ ಬಳಸದೆ ತೆಂಗಿನ ನಾರಿನ ಹಗ್ಗದಿಂದ ಬಿಗಿದು, ಗೇರುಸಿಪ್ಪೆಯ ಎಣ್ಣೆಯನ್ನು ಲೇಪಿಸುತ್ತಾರೆ. ಹಿಂದೆ ಅಕ್ಕಿ, ತೆಂಗು, ಸಾಂಬಾರ ಪದಾರ್ಥಗಳನ್ನು ಸಾಗಿಸುತ್ತಿದ್ದ ಈ ದೋಣಿಗಳು ರಸ್ತೆ ಸಾರಿಗೆಯಿಂದಾಗಿ ಮೂಲೆಗುಂಪಾದವು. ಪ್ರವಾಸೋದ್ಯಮ ಅವುಗಳಿಗೆ ಮರುಜನ್ಮ ನೀಡಿತು.

ಕಾಲ ಮತ್ತು ನೋಟ

ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲದಲ್ಲಿ ಹೊಳೆಗಳು ಉಕ್ಕಿ ಅಳಿವೆಗಳು ಅಪಾಯಕಾರಿಯಾಗುತ್ತವೆ. ಅಕ್ಟೋಬರ್‌ನಿಂದ ಮಾರ್ಚ್‌ವರೆಗಿನ ಕಾಲ ಯೋಗ್ಯ. ಪಡನ್ನದ ಸುತ್ತ ಬಿದಿರಿನ ಚಪ್ಪರಗಳಿಂದ ಹಗ್ಗಗಳನ್ನು ಇಳಿಬಿಟ್ಟು ಪಚ್ಚಿಲೆ ಬೆಳೆಸುವುದನ್ನು ಕಾಣಬಹುದು. ಅದು ಅಲ್ಲಿನ ಕುಟುಂಬಗಳ ಜೀವನೋಪಾಯ. ದೋಣಿ ಅವುಗಳಿಂದ ದೂರವಿರಬೇಕು. ಸಂಜೆಯ ಬಳಿಕ ಮೀನುಗಾರರು ಬಲೆ ಹಾಕುವುದರಿಂದ ದೋಣಿಮನೆಗಳು ದಡದಲ್ಲಿ ತಂಗುವುದು ರೂಢಿ. ರಾತ್ರಿಯೂ ಚಲಿಸುವಂತೆ ಒತ್ತಾಯಿಸುವುದು ಸಲ್ಲದು.

ಹತ್ತುವ ಮುನ್ನ

2009ರ ಸೆಪ್ಟೆಂಬರ್ 30ರಂದು ತೇಕ್ಕಡಿಯಲ್ಲಿ ದೋಣಿ ಮಗುಚಿ 45 ಮಂದಿ ಮೃತಪಟ್ಟರು. 2023ರ ಮೇ 7ರ ಸಂಜೆ ಮಲಪ್ಪುರಂ ಜಿಲ್ಲೆಯ ತಾನೂರಿನಲ್ಲಿ ಮಿತಿಮೀರಿ ಜನರನ್ನು ಹೇರಿದ್ದ ದೋಣಿ ಮುಳುಗಿ, ಮಕ್ಕಳೂ ಸೇರಿ 22 ಮಂದಿ ಅಸುನೀಗಿದರು. ಆದ್ದರಿಂದ ನಾವು ನಾಲ್ಕು ವಿಷಯಗಳನ್ನು ಖಚಿತಪಡಿಸಿಕೊಳ್ಳಬೇಕು:

1. ದೋಣಿಯ ಮೇಲೆ ನೋಂದಣಿ ಸಂಖ್ಯೆ ಇದೆಯೇ?
2. ಅನುಮತಿಸಿದ ಪ್ರಯಾಣಿಕರ ಸಂಖ್ಯೆ ಎಷ್ಟು, ಹತ್ತಿದವರೆಷ್ಟು?
3. ಪ್ರತಿಯೊಬ್ಬರಿಗೂ, ಮಕ್ಕಳಿಗೂ ಅಳತೆಗೆ ತಕ್ಕ ಜೀವರಕ್ಷಕ ಜಾಕೆಟ್ ಇದೆಯೇ?
4. ಕತ್ತಲಾಗುವ ಮೊದಲು ಯಾನ ಮುಗಿಯುವುದೇ?

ಜಾಕೆಟನ್ನು ಮೂಲೆಯಲ್ಲಿರಿಸದೆ ತೊಟ್ಟುಕೊಳ್ಳಬೇಕು. ಮೇಲಂತಸ್ತಿನಲ್ಲಿ ಎಲ್ಲರೂ ಒಂದೇ ಬದಿಗೆ ಸರಿಯಬಾರದು.

ಭಾಷೆಯ ಪ್ರಶ್ನೆ

ಮಂಜೇಶ್ವರ, ಕುಂಬಳೆ, ಬದಿಯಡ್ಕ ಕಡೆಗಳ ಹಿರಿಯರಲ್ಲಿ ಕನ್ನಡವನ್ನಷ್ಟೇ ಓದಬಲ್ಲವರಿದ್ದಾರೆ. ಜೀವರಕ್ಷಣೆಯ ಸೂಚನೆ ಅವರಿಗೆ ಓದಲಾಗದ ಲಿಪಿಯಲ್ಲಿದ್ದರೆ, ಅದು ಇದ್ದೂ ಇಲ್ಲದಂತೆ. ಆದುದರಿಂದ ಈ ಜಿಲ್ಲೆಯ ದೋಣಿಕಡವುಗಳಲ್ಲಿ ಮಲಯಾಳದೊಡನೆ ಕನ್ನಡದ ಫಲಕವೂ ಇರಬೇಕೆಂಬುದು ನಮ್ಮ ಅಭಿಪ್ರಾಯ. ಕುಂದುಕೊರತೆಯ ಮನವಿಯನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೇ ವಿಧಿ ಎಲ್ಲರಿಗೂ ನೀಡಿದೆ. ಫಲಕವಿಲ್ಲದ ಕಡವನ್ನು ಕಂಡವರು ಸಂಬಂಧಿಸಿದ ಪಂಚಾಯತಿಗೂ ಜಿಲ್ಲಾಧಿಕಾರಿಯವರಿಗೂ ಕನ್ನಡದಲ್ಲಿಯೇ ಮನವಿ ಬರೆಯಬಹುದು. ಅಲ್ಲಿಯವರೆಗೆ, ಓದಬಲ್ಲವರು ಜೊತೆಯಲ್ಲಿರುವ ಹಿರಿಯರಿಗೆ ಸೂಚನೆಗಳನ್ನು ಓದಿ ತಿಳಿಸಿದ ಬಳಿಕವೇ ದೋಣಿ ಹತ್ತುವುದು ಒಳಿತು.