ಕಾವಲು ನಮ್ಮದು, ಬಂದೂಕು ಯಾರದು?

ವಿದ್ಯಾಗಿರಿಯ ಕಾಲೇಜಿನಲ್ಲಿ ಓದುವ ಕೇರಿಯ ಹುಡುಗ ಇವತ್ತು ಸೈನ್ಯದ ಭರ್ತಿಗೆ ಹೋದರೆ, 'ನೀ ಹೊಲೇರಾಂವ, ಹೊರಗ ನಿಲ್ಲು' ಎಂದು ಯಾರೂ ಅನ್ನುವಂತಿಲ್ಲ. ಆದರೆ ಗೆಳೆಯರೆ, ಈ ಬಾಗಿಲು ತಾನಾಗಿ ತೆರೆದದ್ದಲ್ಲ.

ಊರ ಕಾವಲು ಮೊದಲಿನಿಂದಲೂ ನಮ್ಮದೇ. ರಾತ್ರಿ ಗಸ್ತು ತಿರುಗಬೇಕು, ಸೀಮೆಯ ಕಲ್ಲು ತೋರಿಸಬೇಕು, ಸರ್ಕಾರದ ಕಾಗದ ಹೊತ್ತು ಓಡಬೇಕು. ನಮ್ಮ ಕಡೆ ಹೊಲೆಯರು, ಮರಾಠಿ ಸೀಮೆಯಲ್ಲಿ ಮಹಾರರು. ಮಹಾರರು ಕಂಪನಿಯ ಬಾಂಬೆ ಸೈನ್ಯದಲ್ಲಿ ಬಂದೂಕನ್ನೂ ಹಿಡಿದಿದ್ದರು. 1818ರ ಜನವರಿ 1ರಂದು ಭೀಮಾ ಕೋರೆಗಾಂವದಲ್ಲಿ ಪೇಶ್ವೆಯ ಸೈನ್ಯಕ್ಕೆ ಎದುರು ನಿಂತರು. ಅಂಬೇಡ್ಕರರ ತಂದೆ ರಾಮಜಿ ಸಕ್ಪಾಲರು ಸುಬೇದಾರರಾಗಿದ್ದರು.

1857ರ ನಂತರ ಬ್ರಿಟಿಷರಿಗೆ ಹೊಸ ಶಾಸ್ತ್ರ ಹೊಳೆಯಿತು: ಕೆಲವು ಜಾತಿಗಳು ಹುಟ್ಟಾ ಶೂರ, ಉಳಿದವು ಅಲ್ಲ. ಮನುವಿನ ಮಾತಿಗೇ ಇಂಗ್ಲಿಷ್ ಅಂಗಿ! 1892ರ ಹೊತ್ತಿಗೆ ಮಹಾರರ ಭರ್ತಿ ನಿಂತಿತು. ನಿವೃತ್ತ ಸೈನಿಕ ಗೋಪಾಲ ಬಾಬಾ ವಲಂಗ್ಕರ್ 1894ರಲ್ಲಿ ಅರ್ಜಿ ಬರೆದರು. 1910ರಲ್ಲಿ ಶಿವರಾಮ ಜಾನ್ಬಾ ಕಾಂಬಳೆಯವರು ಸೈನ್ಯದ ಜೊತೆ ಪೊಲೀಸ್ ನೌಕರಿಯನ್ನೂ ಕೇಳಿದರು. ಸರ್ಕಾರಕ್ಕೆ ಕಿವಿ ಕೇಳಿಸಲಿಲ್ಲ. ಮಹಾಯುದ್ಧಕ್ಕೆ ಆಳು ಸಾಲದಾದಾಗ, 1917ರಲ್ಲಿ, 111ನೇ ಮಹಾರ್ ದಳ ಎದ್ದಿತು. ಯುದ್ಧ ಮುಗಿಯಿತು, 1921ರಲ್ಲಿ ದಳ ಬರಖಾಸ್ತು. ಕೆಲಸ ಆಯ್ತು, ಇನ್ನ ನಡೀರಿ!

ಎರಡನೇ ಮಹಾಯುದ್ಧ ಬಂತು. 1941ರ ಜುಲೈನಲ್ಲಿ ಅಂಬೇಡ್ಕರರು ವೈಸರಾಯರ ರಕ್ಷಣಾ ಸಲಹಾ ಸಮಿತಿ ಸೇರಿದರು, ಪಟ್ಟು ಹಿಡಿದರು. ಅದೇ ವರ್ಷ ಅಕ್ಟೋಬರ್ 1ರಂದು ಮಹಾರ್ ರೆಜಿಮೆಂಟಿನ ಮೊದಲ ಪಡೆ ನಮ್ಮ ಬೆಳಗಾವಿಯಲ್ಲೇ ಹುಟ್ಟಿತು. 1942ರ ಆಗಸ್ಟಿನಲ್ಲಿ 25ನೇ ಪಡೆಯೂ ಅಲ್ಲೇ. ಇದು ಗ್ಯಾರಿಸನ್ ಪಡೆ. ದೇಶದೊಳಗಿನ ಭದ್ರತೆ ಇದರ ಕೆಲಸ. ಅಂದರೆ ಸೈನ್ಯದ ಉಡುಪಿನಲ್ಲಿ ಪೊಲೀಸ್ ಕೆಲಸ. ಅದೇ ತಿಂಗಳು 'ಕ್ವಿಟ್ ಇಂಡಿಯಾ' ಚಳವಳಿ ಎದ್ದಿತ್ತು. ಹಸಿದವನಿಗೆ ಅನ್ನ, ಮಾನ ಎರಡನ್ನೂ ಕೊಟ್ಟ ಸರ್ಕಾರ ಅವನ ಬಂದೂಕನ್ನು ಯಾರ ಕಡೆ ತಿರುಗಿಸುತ್ತದೆ? ಈ ಪ್ರಶ್ನೆಯಿಂದ ನಾವು ಓಡಬಾರದು.

1946ರಲ್ಲಿ 25ನೇ ಪಡೆ ವಿಸರ್ಜನೆಯಾಯಿತು. ಅದರ ಹೆಚ್ಚಿನ ಜನ ಉಳಿದ ಮೂರು ಪಡೆಗಳಿಗೆ ಸೇರಿದರು. ದೇಶ ಒಡೆದ 1947ರಲ್ಲಿ ಆ ಮೂರೂ ಪಡೆಗಳು ಪಂಜಾಬ್ ಗಡಿ ದಳದಲ್ಲಿ ನಿರಾಶ್ರಿತರಿಗೆ ಕಾವಲಾದವು. ಯಾರ ನೆರಳು ಬೀಳಬಾರದೆಂದು ಊರು ಹೊರಗಿಟ್ಟಿತ್ತೋ, ಅವರ ಬೆನ್ನ ಹಿಂದೆ ಜನ ಜೀವ ಹಿಡಿದು ನಡೆದರು.

ಊರಲ್ಲಿ ಮಾತ್ರ ವತನದ ಚಾಕರಿ ಇದ್ದೇ ಇತ್ತು. ಅದನ್ನು ತೆಗೆಯುವ ಕಾಯಿದೆ ನಮ್ಮ ಕಡೆ ಬಂದದ್ದು 1961ರಲ್ಲಿ.

ಮೇಷ್ಟ್ರೆ, ಪಾಠದಲ್ಲಿ ಬೆಳಗಾವಿ ಬಂದಾಗ ಮಕ್ಕಳಿಗೆ ಇದನ್ನೂ ಹೇಳ್ರಿ. ಬಂದೂಕು ಕೊಟ್ಟವರ ಹೆಸರಿಗಿಂತ ಮೊದಲು ಅರ್ಜಿ ಬರೆದವರ ಹೆಸರು ಹೇಳ್ರಿ.