ಹಲ್ಲು ಹೇಳುವ ಹೆಸರು

ಮಾನವದೇಹದಲ್ಲಿ ಎಲ್ಲಕ್ಕಿಂತ ಗಟ್ಟಿಯಾದ ವಸ್ತು ಹಲ್ಲಿನ ಮೇಲಣ ಎನಾಮೆಲ್ ಎಂದು ತರಗತಿಯಲ್ಲಿ ಎಷ್ಟೋ ಬಾರಿ ಪಾಠ ಹೇಳಿದ್ದೇನೆ. ಬೆಂಕಿ, ನೀರು, ಮಣ್ಣುಗಳು ಮುಖಚಹರೆಯನ್ನು ಅಳಿಸಿದ ಮೇಲೂ ಹಲ್ಲು ಉಳಿಯುತ್ತದೆ. ಆದರೆ ಅದು ತಾನಾಗಿ ಹೆಸರು ಹೇಳದು. ಆ ಬಾಯಿಯನ್ನು ಮೊದಲೇ ಬಲ್ಲವರು ಬೇಕು.

1775ರ ಜೂನ್ 17ರಂದು ಅಮೆರಿಕದ ಬಂಕರ್ ಹಿಲ್ ಕದನದಲ್ಲಿ ವೈದ್ಯ ಜೋಸೆಫ್ ವಾರನ್ ಮಡಿದರು. ಮರುವರ್ಷ ಶವವನ್ನು ಹೊರತೆಗೆದಾಗ ಗುರುತಿಸಿದವನು ಬೆಳ್ಳಿ ಕೆಲಸಗಾರ ಪಾಲ್ ರೆವಿಯರ್. ವಾರನ್ ಅವರ ಕೃತಕ ಹಲ್ಲನ್ನು ತಂತಿಯಿಂದ ಬಿಗಿದವನು ಅವನೇ. ಅಂದು ದಾಖಲೆಯೆಂದರೆ ಒಬ್ಬನ ನೆನಪು ಮಾತ್ರ.

1897ರ ಮೇ 4ರಂದು ಪ್ಯಾರಿಸ್ಸಿನಲ್ಲಿ, ಬಡವರ ಸಹಾಯಾರ್ಥ ಏರ್ಪಟ್ಟಿದ್ದ ಮಾರಾಟಮೇಳವೊಂದು ಹೊತ್ತಿ ಉರಿದು ನೂರಕ್ಕೂ ಹೆಚ್ಚು ಜನ ಸತ್ತರು. ಆಸ್ಟ್ರಿಯಾದ ಸಾಮ್ರಾಜ್ಞಿಯ ತಂಗಿಯ ದೇಹವನ್ನು ಗುರುತಿಸಿದವರು ಆಕೆಯ ದಂತವೈದ್ಯರು. ಮರುವರ್ಷ ಆಸ್ಕರ್ ಅಮೊಯೆಡೊ ಈ ವಿಷಯವಾಗಿ ಗ್ರಂಥವನ್ನೇ ಬರೆದರು, ನೆನಪು ಶಾಸ್ತ್ರವಾಯಿತು.

2004ರ ಡಿಸೆಂಬರ್ 26ರ ಸುನಾಮಿಯಲ್ಲಿ ಥಾಯ್ಲೆಂಡ್ ಒಂದರಲ್ಲೇ ಐದು ಸಾವಿರಕ್ಕೂ ಹೆಚ್ಚು ಜನ ಸತ್ತರು. ಅಷ್ಟು ಬಾಯಿಗಳನ್ನು ಯಾರ ನೆನಪೂ ಹಿಡಿದಿಡಲಾರದು. ಅಲ್ಲಿ ನೆರವಿಗೆ ಬಂದದ್ದು ಗಣಕಯಂತ್ರ. ಮೃತರ ಹಲ್ಲಿನ ವಿವರಗಳನ್ನೂ ಕಾಣೆಯಾದವರ ಹಳೆಯ ದಾಖಲೆಗಳನ್ನೂ ಡೆನ್ಮಾರ್ಕಿನಲ್ಲಿ ಸಿದ್ಧವಾದ ತಂತ್ರಾಂಶಕ್ಕೆ ಊಡಿಸಿದರೆ, ಹೊಂದಬಹುದಾದ ಜೋಡಿಗಳನ್ನು ಅದು ಮುಂದಿಡುತ್ತಿತ್ತು. ಆಮೇಲೆ ದಂತವೈದ್ಯರು ಎಕ್ಸ್-ರೇ ಚಿತ್ರಗಳನ್ನು ಅಕ್ಕಪಕ್ಕ ಇಟ್ಟು, ಹುಳುಕಿಗೆ ತುಂಬಿದ ಸಿಮೆಂಟಿನ ಅಂಚು, ಬೇರಿನ ಬಾಗು, ದವಡೆಯ ಎಲುಬು ಇವನ್ನೆಲ್ಲ ಹೋಲಿಸಿ ತೀರ್ಮಾನಿಸುತ್ತಿದ್ದರು. ಯಂತ್ರ ಹುಡುಕಿತು, ತೀರ್ಪು ಮನುಷ್ಯನದೇ.

ಆದರೆ ಮನಸ್ಸಿಗೆ ನಾಟುವ ಸಂಗತಿ ಬೇರೆಯೇ ಇದೆ. ಹಲ್ಲಿನಿಂದ ಬೇಗ ಹೆಸರು ಮರಳಿ ಪಡೆದವರಲ್ಲಿ ಹೆಚ್ಚಿನವರು ವಿದೇಶಿ ಪ್ರವಾಸಿಗರು. ಅವರ ಊರಿನ ದಂತವೈದ್ಯರಲ್ಲಿ ದಾಖಲೆಗಳಿದ್ದವು. ಸ್ಥಳೀಯರಲ್ಲಿ ಅನೇಕರಿಗೆ ಅಂಥ ದಾಖಲೆಯೇ ಇರಲಿಲ್ಲ. ಬರೆದಿಡದ್ದನ್ನು ಯಾವ ಯಂತ್ರ ತಾನೇ ಓದೀತು?

ನಮ್ಮ ಮಂಗಳೂರಿನಲ್ಲೂ 2010ರ ಮೇ 22ರ ವಿಮಾನ ದುರಂತದಲ್ಲಿ 158 ಮಂದಿ ಅಸುನೀಗಿದರು. ಡಿಎನ್‌ಎ ಪರೀಕ್ಷೆಯಾದ ಮೇಲೂ ಗುರುತು ಸಿಗದ 12 ದೇಹಗಳನ್ನು ಒಟ್ಟಿಗೆ ಮಣ್ಣು ಮಾಡಬೇಕಾಯಿತು. ಯಾರದೋ ಮಗ, ಯಾರದೋ ತಾಯಿ ಹೆಸರಿಲ್ಲದೆ ಮಣ್ಣಿಗೆ ಸೇರುವುದಕ್ಕಿಂತ ದೊಡ್ಡ ಸಂಕಟ ಮನೆಯವರಿಗೆ ಇನ್ನೇನಿದೆ?

ಹಲ್ಲುನೋವು ಬಂದಾಗ ಮಾತ್ರ ವೈದ್ಯರಲ್ಲಿಗೆ ಓಡಿ, ವಾಸಿಯಾದೊಡನೆ ಚೀಟಿಯನ್ನು ಬಿಸಾಡುವವರು ನಾವು. ಇನ್ನಾದರೂ ಆ ಎಕ್ಸ್-ರೇ ಚಿತ್ರದ ಪ್ರತಿಯನ್ನು ಕೇಳಿ ಪಡೆದು, ಹೆಸರು, ದಿನಾಂಕ ಬರೆದು ಮನೆಯ ಕಾಗದಪತ್ರಗಳೊಡನೆ ಇಡೋಣ. ಅದರ ಅಗತ್ಯ ಯಾರಿಗೂ ಬಾರದಿರಲಿ.